ಪ್ರತಿಜೀವಕ ಔಷಧಗಳ ನಿರೋಧಕತೆ: ಜನಜಾಗೃತಿ ಮತ್ತು ಸಹಭಾಗಿತ್ವ – ಪರ್ಕಳ ಪರಿಸರದ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಪ್ರತಿಜೀವಕ ಅಥವಾ ಆಂಟಿಬಯಾಟಿಕ್ ಔಷಧಗಳು ಬ್ಯಾಕ್ಟೀರಿಯಾದಿಂದ ಉಂಟಾಗುವ ಸೋಂಕುಗಳನ್ನು ಮಾತ್ರ ಗುಣಪಡಿಸುತ್ತವೆ. ಇವುಗಳನ್ನು ಅನಗತ್ಯವಾಗಿ ಅಥವಾ ತಪ್ಪು ಪ್ರಮಾಣದಲ್ಲಿ ಬಳಸಿದಾಗ, ಔಷಧವನ್ನು ಎದುರಿಸಿ ಉಳಿದ ಬ್ಯಾಕ್ಟೀರಿಯಾಗಳು ವೃದ್ಧಿ ಹೊಂದಿ ಇತರರಿಗೂ ಹರಡುತ್ತವೆ. ಇದನ್ನೇ ನಿರೋಧಕತೆ ಎನ್ನಲಾಗುತ್ತದೆ. 2019ರಲ್ಲಿ ವಿಶ್ವದಾದ್ಯಂತ ಸುಮಾರು 12.7 ಲಕ್ಷ ಮರಣಗಳಿಗೆ ಇದು ನೇರ ಕಾರಣವಾಗಿತ್ತೆಂದು 2022ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಶಸ್ತ್ರಚಿಕಿತ್ಸೆ, ಸಿಸೇರಿಯನ್ ಹೆರಿಗೆ ಹಾಗೂ ಕ್ಯಾನ್ಸರ್ ಚಿಕಿತ್ಸೆಗಳ ಸುರಕ್ಷತೆಯು ಈ ಔಷಧಗಳನ್ನು ಅವಲಂಬಿಸಿರುತ್ತದೆ.

2. ಸರಿಯಾದ ಸಂದೇಶದ ಅಗತ್ಯ

ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಭಾರತವೂ ಸೇರಿದಂತೆ 12 ದೇಶಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಶೇ. 64ರಷ್ಟು ಜನರು ನೆಗಡಿ ಮತ್ತು ಫ್ಲೂ ಜ್ವರಕ್ಕೆ ಆಂಟಿಬಯಾಟಿಕ್ ಉಪಯುಕ್ತವೆಂದು ನಂಬಿದ್ದರು. ಇವು ವೈರಸ್‌ನಿಂದ ಬರುವ ಕಾಯಿಲೆಗಳಾದುದರಿಂದ ಈ ನಂಬಿಕೆ ಸರಿಯಲ್ಲ. ಶೇ. 76ರಷ್ಟು ಜನರು ದೇಹವೇ ಔಷಧಕ್ಕೆ ಒಗ್ಗಿಕೊಳ್ಳುತ್ತದೆಂದು ತಿಳಿದಿದ್ದರು. ವಾಸ್ತವವಾಗಿ ಬದಲಾಗುವುದು ದೇಹವಲ್ಲ, ರೋಗಾಣು. ಆದುದರಿಂದ ಎಂದೂ ಆಂಟಿಬಯಾಟಿಕ್ ಸೇವಿಸದ ವ್ಯಕ್ತಿಗೂ ನಿರೋಧಕ ಸೋಂಕು ತಗಲಬಹುದು.

ಕೇಂದ್ರ ಸರ್ಕಾರವು 2016ರಲ್ಲಿ ಕೆಂಪು ಗೆರೆ ಆಂದೋಲನವನ್ನು ಆರಂಭಿಸಿತು. ಮಾತ್ರೆಯ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದಲ್ಲಿ ಅದನ್ನು ವೈದ್ಯರ ಚೀಟಿಯಿಲ್ಲದೆ ಸೇವಿಸಬಾರದು. ಓದಲು ಬಾರದವರೂ ಗುರುತಿಸಬಹುದಾದ ಚಿಹ್ನೆ ಇದಾಗಿದೆ. ಪರ್ಕಳ ಪರಿಸರದಲ್ಲಿ ತುಳು, ಕೊಂಕಣಿ ಮಾತನಾಡುವ ಹಿರಿಯರಿಗೆ ಮನೆಯವರು ಇದನ್ನು ತಮ್ಮ ಭಾಷೆಯಲ್ಲಿಯೇ ತಿಳಿಸುವುದು ಸೂಕ್ತ.

3. ಸಹಭಾಗಿತ್ವ

ಒಂದೇ ಇಲಾಖೆಯಿಂದ ಈ ಸಮಸ್ಯೆಯ ನಿವಾರಣೆ ಸಾಧ್ಯವಿಲ್ಲ. 2012ರಲ್ಲಿ ದೇಶದ ವೈದ್ಯಕೀಯ ಸಂಘಗಳು ಒಂದುಗೂಡಿ ಚೆನ್ನೈ ಘೋಷಣೆಯನ್ನು ರೂಪಿಸಿದವು. 2017ರಲ್ಲಿ ರಾಷ್ಟ್ರೀಯ ಕ್ರಿಯಾ ಯೋಜನೆ ಜಾರಿಗೆ ಬಂದಿತು. ನೆರೆಯ ಕೇರಳವು 2018ರಲ್ಲಿ ಆರೋಗ್ಯ, ಪಶುಸಂಗೋಪನೆ, ಮೀನುಗಾರಿಕೆ ಮುಂತಾದ ಇಲಾಖೆಗಳನ್ನು ಒಳಗೊಂಡ ರಾಜ್ಯ ಕ್ರಿಯಾ ಯೋಜನೆಯನ್ನು ರೂಪಿಸಿದ ಮೊದಲ ರಾಜ್ಯವಾಯಿತು.

ಪರ್ಕಳದಂತಹ ಊರಿನಲ್ಲಿ ವೈದ್ಯರು, ಔಷಧ ವ್ಯಾಪಾರಿಗಳು, ಆಶಾ ಕಾರ್ಯಕರ್ತೆಯರು, ಪಶುವೈದ್ಯರು, ಹಾಲು ಉತ್ಪಾದಕರ ಸಹಕಾರ ಸಂಘಗಳು, ಶಾಲೆಗಳು ಹಾಗೂ ಸ್ತ್ರೀಶಕ್ತಿ ಗುಂಪುಗಳು ಒಂದೇ ಸಂದೇಶವನ್ನು ನೀಡುವುದು ಅವಶ್ಯಕ. ವೈದ್ಯರು ಬೇಡವೆಂದ ಔಷಧವು ಅಂಗಡಿಯಲ್ಲಿ ಕೇಳಿದೊಡನೆ ದೊರೆತರೆ ಯಾವ ಪ್ರಚಾರವೂ ಫಲ ನೀಡದು. ಪ್ರತಿ ವರ್ಷ ನವೆಂಬರ್ 18ರಿಂದ 24ರವರೆಗೆ ಆಚರಿಸಲಾಗುವ ವಿಶ್ವ ಜಾಗೃತಿ ಸಪ್ತಾಹವನ್ನು ಇದಕ್ಕೆ ಬಳಸಿಕೊಳ್ಳಬಹುದು.

4. ಔಷಧ ಖರೀದಿಸುವವರ ಗಮನಕ್ಕೆ

ಅ) ಅನುಸೂಚಿ ಎಚ್-1ರ ನಿಯಮವು ದಿನಾಂಕ 1-3-2014ರಿಂದ ಜಾರಿಯಲ್ಲಿದೆ. ಈ ಅನುಸೂಚಿಯ ಔಷಧಗಳನ್ನು ಮಾರುವಾಗ ವೈದ್ಯರ ಹಾಗೂ ರೋಗಿಯ ಹೆಸರು, ಔಷಧ ಮತ್ತು ಪ್ರಮಾಣವನ್ನು ಪ್ರತ್ಯೇಕ ವಹಿಯಲ್ಲಿ ದಾಖಲಿಸಿ 3 ವರ್ಷ ಕಾಯ್ದಿರಿಸತಕ್ಕದ್ದು. ಅಂಗಡಿಯವರು ಈ ವಿವರ ಕೇಳಿದಲ್ಲಿ ಸಹಕರಿಸುವುದು.
ಆ) ವೈದ್ಯರು ಸೂಚಿಸಿದ ಪ್ರಮಾಣ ಮತ್ತು ಅವಧಿಯನ್ನು ಪಾಲಿಸುವುದು. ತಮ್ಮಷ್ಟಕ್ಕೆ ನಿಲ್ಲಿಸುವುದಾಗಲಿ, ಮುಂದುವರಿಸುವುದಾಗಲಿ ಕೂಡದು.
ಇ) ಉಳಿದ ಮಾತ್ರೆಗಳನ್ನು, ಹಳೆಯ ಚೀಟಿಯನ್ನು ಬೇರೆಯವರಿಗೆ ನೀಡಬಾರದು.
ಈ) ಖರೀದಿಗೆ ರಶೀದಿ ಪಡೆಯುವುದು.

5. ಹೈನುಗಾರರ ಹಾಗೂ ಕೋಳಿ ಸಾಕಣೆದಾರರ ಗಮನಕ್ಕೆ

2012ರ ತಿದ್ದುಪಡಿಯಂತೆ, ಜಾನುವಾರು ಔಷಧದ ಲೇಬಲ್‌ನಲ್ಲಿ ಕಾಯುವ ಅವಧಿಯನ್ನು ನಮೂದಿಸಬೇಕು. ಆಯಾ ಔಷಧಕ್ಕೆ ಅವಧಿ ನಿಗದಿಯಾಗಿರದಿದ್ದಲ್ಲಿ ಹಾಲು, ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ ಕನಿಷ್ಠ 28 ದಿನ ಅನ್ವಯಿಸುತ್ತದೆ. ಈ ಅವಧಿಯ ಹಾಲನ್ನು ಸಂಘಕ್ಕೆ ಹಾಕಬಾರದು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಬಳಕೆಯನ್ನು 2019ರ ಜುಲೈನಲ್ಲಿ ನಿಷೇಧಿಸಲಾಗಿದೆ.

6. ದೂರು ಸಲ್ಲಿಕೆ

ಚೀಟಿಯಿಲ್ಲದೆ ಆಂಟಿಬಯಾಟಿಕ್ ಮಾರಾಟವಾಗುತ್ತಿರುವುದು ಕಂಡುಬಂದಲ್ಲಿ ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ ಲಿಖಿತ ದೂರು ನೀಡಬಹುದು. ದೂರಿನಲ್ಲಿ ಅಂಗಡಿಯ ವಿಳಾಸ, ದಿನಾಂಕ, ಔಷಧದ ಹೆಸರು, ಬ್ಯಾಚ್ ಸಂಖ್ಯೆ ನಮೂದಿಸಿ ರಶೀದಿಯ ಪ್ರತಿಯನ್ನು ಲಗತ್ತಿಸುವುದು.

ಇಂದು ಉಳಿಸಿಕೊಂಡ ಔಷಧವೇ ನಾಳೆ ನಮ್ಮ ಮಕ್ಕಳ ಜೀವ ಉಳಿಸುವುದರಿಂದ, ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ.