ಕಸಾಂಡ್ರಾ ಡೇಟಾಬೇಸ್: ನೋಡ್‌ಗಳ ಆರೋಗ್ಯ ಮತ್ತು ಹೊರೆ ಹಂಚಿಕೆ

ಕಂಪ್ಯೂಟರ್ ಕೆಲಸದಲ್ಲಿರುವ ನಮ್ಮ ಊರುಗಳ ಮಕ್ಕಳ ಉಪಯೋಗಕ್ಕಾಗಿ ಈ ಟಿಪ್ಪಣಿ ಕೊಡುತ್ತಿದ್ದೇವೆ. ಕಚೇರಿಯಲ್ಲಿ ರಿಜಿಸ್ಟರ್ ಬರೆದ ಹಿರಿಯರಿಗೂ ಇದು ತೀರ ಹೊಸದೆನಿಸಲಾರದು.

ಕಸಾಂಡ್ರಾ ಫೇಸ್‌ಬುಕ್ ಸಂಸ್ಥೆಯೊಳಗೆ ತಯಾರಾಗಿ 2008ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂತು. ಇದರ ದಾಖಲೆಗಳು ಹಲವು ಕಂಪ್ಯೂಟರುಗಳ ಮೇಲೆ ಹಂಚಿಕೆಯಾಗಿರುತ್ತವೆ. ಆ ಗುಂಪು ಕ್ಲಸ್ಟರ್, ಒಂದೊಂದು ಕಂಪ್ಯೂಟರೂ ನೋಡ್. ಸಾಮಾನ್ಯವಾಗಿ ಪ್ರತಿ ದಾಖಲೆಯನ್ನೂ ಮೂರು ನೋಡ್‌ಗಳಲ್ಲಿ ಇಡುತ್ತಾರೆ.

ಹಾಜರಿ ಹಾಕುವ ಮೇಲಧಿಕಾರಿ ಇಲ್ಲಿಲ್ಲ. ಪ್ರತಿ ನೋಡ್ ಸೆಕೆಂಡಿಗೊಮ್ಮೆ ಹೆಚ್ಚೆಂದರೆ ಮೂರು ನೋಡ್‌ಗಳೊಡನೆ ತನ್ನ ಸುದ್ದಿಯನ್ನೂ ತಾನು ಕೇಳಿದ ಇತರರ ಸುದ್ದಿಯನ್ನೂ ಹಂಚಿಕೊಳ್ಳುತ್ತದೆ. ಇದಕ್ಕೆ ಗಾಸಿಪ್ ಎಂದೇ ಹೆಸರು. (ಅರಳಿಕಟ್ಟೆಯ ಸುದ್ದಿ ಊರೆಲ್ಲ ಹಬ್ಬುವುದೂ ಹೀಗೆಯೇ ತಾನೆ!) ಸುದ್ದಿ ತಡವಾದ ಮಾತ್ರಕ್ಕೆ ನೋಡ್ ಕೆಟ್ಟಿತೆಂದು ಬರೆಯುವುದಿಲ್ಲ. ಹಿಂದೆ ಎಷ್ಟು ಅಂತರದಲ್ಲಿ ಸುದ್ದಿ ಬರುತ್ತಿತ್ತು ಎಂಬುದರ ಮೇಲೆ ಈಗಿನ ಮೌನವನ್ನು 'ಫೈ' ಎಂಬ ಅಂಕೆಯಲ್ಲಿ ಅಳೆಯುತ್ತಾರೆ. ಅದು 8 ದಾಟಿದರೆ ನೋಡ್ ಕೆಳಗಿದೆ ಎಂದು ಲೆಕ್ಕ. ಜಾಲ ಸ್ಥಿರವಿಲ್ಲದ ಕಡೆ ಇದನ್ನು 10 ಅಥವಾ 12ಕ್ಕೆ ಏರಿಸುವುದುಂಟು.

'ನೋಡ್‌ಟೂಲ್ ಸ್ಟೇಟಸ್' ಎಂಬ ಆದೇಶ ಕೊಟ್ಟರೆ ನಡೆಯುತ್ತಿರುವ ನೋಡ್ ಮುಂದೆ ಯುಎನ್, ಬಿದ್ದದ್ದರ ಮುಂದೆ ಡಿಎನ್ ಎಂದು ಕಾಣುತ್ತದೆ. ಯುಎನ್ ನೋಡಿ ನಿಶ್ಚಿಂತರಾಗಬಾರದು. ಡಿಸ್ಕ್ ತುಂಬುತ್ತ ಬಂದ ನೋಡ್ ಕೂಡ ಯುಎನ್ ಎಂದೇ ತೋರಿಸುತ್ತದೆ. ಅಲ್ಲಿನ 'ಲೋಡ್' ಕಾಲಂ ಸಹ ಕೆಲಸದ ಹೊರೆಯಲ್ಲ, ಡಿಸ್ಕಿನಲ್ಲಿರುವ ದಾಖಲೆಗಳ ಗಾತ್ರ. ಬಾಕಿ ಬಿದ್ದ, ಕೈಬಿಟ್ಟ ಕೆಲಸಗಳ ಲೆಕ್ಕ 'ಟಿಪಿಸ್ಟ್ಯಾಟ್ಸ್' ಆದೇಶದಲ್ಲಿ ಸಿಗುತ್ತದೆ.

ಹೊರೆ ಹಂಚಿಕೆಯ ಮೂಲ ಪಾರ್ಟಿಷನ್ ಕೀ. ಸದಸ್ಯರ ಪಟ್ಟಿಗೆ ಊರಿನ ಹೆಸರನ್ನೇ ಕೀ ಮಾಡಿದರೆ ಸೊಲ್ಲಾಪುರದವರೆಲ್ಲರೂ ಅದೇ ಮೂರು ನೋಡ್‌ಗಳ ಮೇಲೆ ಕೂರುತ್ತಾರೆ. ಆಮೇಲೆ ಹತ್ತು ಹೊಸ ನೋಡ್ ಸೇರಿಸಿದರೂ ಆ ಮೂರರ ಭಾರ ಇಳಿಯದು. ಸದಸ್ಯ ಸಂಖ್ಯೆಯನ್ನು ಕೀ ಮಾಡಿದರೆ ಪಟ್ಟಿ ತಾನಾಗಿ ಹರಡಿಕೊಳ್ಳುತ್ತದೆ.

ಬಿದ್ದ ನೋಡ್ ಮೂರು ಗಂಟೆಯೊಳಗೆ ಎದ್ದರೆ, ಅದಕ್ಕೆ ಸೇರಬೇಕಾದ ಬರಹಗಳನ್ನು ಇತರ ನೋಡ್‌ಗಳು ತೆಗೆದಿಟ್ಟುಕೊಂಡು ಕೊಡುತ್ತವೆ. ಅದಕ್ಕೂ ತಡವಾದರೆ 'ರಿಪೇರ್' ನಡೆಸಲೇಬೇಕು. ಇದರ ಗಡುವು ಹತ್ತು ದಿನ, ಮತ್ತು ಇದೇ ಎಲ್ಲಕ್ಕಿಂತ ಮುಖ್ಯ. ದಾಖಲೆ ಅಳಿಸಿದಾಗ ಅಲ್ಲೊಂದು ಅಳಿಸಿದ ಗುರುತು ಉಳಿಯುತ್ತದೆ. ಹತ್ತು ದಿನ ಕಳೆದ ಮೇಲೆ ಆ ಗುರುತನ್ನೂ ತೆಗೆದುಹಾಕಲಾಗುತ್ತದೆ. ಹನ್ನೊಂದನೆಯ ದಿನ ಹಳೆಯ ನೋಡ್ ಮರಳಿದರೆ ಅದರಲ್ಲಿ ಅಳಿಸಿದ ದಾಖಲೆ ಇನ್ನೂ ಇದೆ, ಅಳಿಸಿದ್ದಕ್ಕೆ ಸಾಕ್ಷಿ ಎಲ್ಲಿಯೂ ಇಲ್ಲ. ಅದನ್ನೇ ಹೊಸ ದಾಖಲೆಯೆಂದು ಬಗೆದು ಉಳಿದವೂ ನಕಲು ಮಾಡಿಕೊಳ್ಳುತ್ತವೆ. ಪಟ್ಟಿಯಿಂದ ತೆಗೆದ ಹೆಸರು, ರದ್ದಾದ ಖಾತೆ ಮತ್ತೆ ಜೀವ ತಳೆಯುತ್ತದೆ.

ಆದ್ದರಿಂದ ಹತ್ತು ದಿನ ಮೀರಿದ ನೋಡನ್ನು ಹಾಗೆಯೇ ಚಾಲೂ ಮಾಡಬೇಡಿ. ಅದರ ಡೇಟಾ ಪೂರ್ತಿ ಅಳಿಸಿ, ಹೊಸ ನೋಡ್ ಎಂದೇ ಸೇರಿಸಿಕೊಳ್ಳಿ.