ಪಿಕಪ್ ಗಾಡಿಯ ಕೆಂಪು ದೀಪ

ಜಗಳೂರು ತಾಲ್ಲೂಕಿನ ಸೊಕ್ಕೆ ಹೋಬಳಿಯು ಮಳೆಯನ್ನೇ ನಚ್ಚಿದ ಬೆದ್ದಲು ನಾಡು. 1997ರವರೆಗೆ ಚಿತ್ರದುರ್ಗ ಜಿಲ್ಲೆಗೂ ಅನಂತರ ದಾವಣಗೆರೆ ಜಿಲ್ಲೆಗೂ ಸೇರಿದ ಈ ಸೀಮೆಯಲ್ಲಿ ಶೇಂಗಾ, ಮೆಕ್ಕೆಜೋಳ, ಈರುಳ್ಳಿಗಳ ಮೂಟೆಗಳನ್ನು ಪೇಟೆಗೆ ಮುಟ್ಟಿಸುವ ಭಾರವನ್ನು ಎತ್ತಿನ ಗಾಡಿಯ ತರುವಾಯ ಲಾರಿಯೂ, ಅದರ ತರುವಾಯ ಸಣ್ಣ ಪಿಕಪ್ ಗಾಡಿಯೂ ವಹಿಸಿಕೊಂಡುವು; ಅವುಗಳೊಡನೆಯೇ ಕಮ್ಮಾರ ಬಡಗಿಗಳ ಸಾಲಿಗೆ ವಾಹನದ ವಿದ್ಯುತ್ತನ್ನು ಬಲ್ಲ ಎಲೆಕ್ಟ್ರಿಷಿಯನ್ ಎಂಬ ಹೊಸ ಕಸುಬುದಾರನೂ ಬಂದು ಸೇರಿದನು. ಈರುಳ್ಳಿ ತುಂಬಿದ ಗಾಡಿ ಇರುಳಿನಲ್ಲಿ ನಡುದಾರಿಯಲ್ಲಿ ನಿಂತರೆ ರೈತನ ವರ್ಷದ ದುಡಿಮೆಯೇ ಸಂಕಟಕ್ಕೆ ಸಿಲುಕುವುದರಿಂದ, ಈತನ ವಿದ್ಯೆಯನ್ನು ಅಲ್ಪವೆಂದು ಎಣಿಸಲಾಗದು.

ಈತನ ವಿದ್ಯೆಗೆ ಒಳ್ಳೆಯ ನಿದರ್ಶನವೆಂದರೆ, ಬ್ಯಾಟರಿಗೆ ವಿದ್ಯುತ್ತು ಸಲ್ಲದಿದ್ದಾಗ ಚಾಲಕನ ಮುಂದೆ ಉರಿಯುವ ಕೆಂಪು ಚಾರ್ಜಿಂಗ್ ದೀಪ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ಈ ದೀಪವಿರಲಿಲ್ಲ. ಆರು ವೋಲ್ಟಿನ ಅದರ ಬ್ಯಾಟರಿಗೆ ವಿದ್ಯುತ್ತು ಸಲ್ಲುತ್ತಿದೆಯೋ ಅದರಿಂದ ವ್ಯಯವಾಗುತ್ತಿದೆಯೋ ಎಂಬುದನ್ನು ಆಮ್ಮೀಟರಿನ ಮುಳ್ಳು ಎಡಕ್ಕೋ ಬಲಕ್ಕೋ ವಾಲಿ ತಿಳಿಸುತ್ತಿದ್ದಿತು. ಮುಂದೆ ಮುಳ್ಳಿನ ಸ್ಥಾನವನ್ನು ದೀಪವು ಆಕ್ರಮಿಸಿತು. ಇದರ ಒಂದು ತುದಿ ಕೀಲಿಯ ಮೂಲಕ ಬ್ಯಾಟರಿಗೂ, ಇನ್ನೊಂದು ತುದಿ ಡೈನಮೋಗೂ ಸೇರಿರುತ್ತದೆ. ಎಂಜಿನ್ ನಿಂತಿರುವಾಗ ವಿದ್ಯುತ್ತು ದೀಪದ ಮೂಲಕ ಹರಿದು ಅದು ಬೆಳಗುತ್ತದೆ, ಡೈನಮೋ ತಿರುಗಿ ಎರಡು ತುದಿಗಳ ಒತ್ತಡವೂ ಸಮವಾದೊಡನೆ ಹರಿವಿಗೆ ಕಾರಣವೇ ಇಲ್ಲವಾಗಿ ಆರುತ್ತದೆ. ಎಷ್ಟು ಸರಳ, ಎಷ್ಟು ಸೂಕ್ಷ್ಮವಾದ ಯುಕ್ತಿಯಿದು!

1960ರಲ್ಲಿ ಅಮೆರಿಕದ ಕ್ರೈಸ್ಲರ್ ಸಂಸ್ಥೆಯು ತನ್ನ ವ್ಯಾಲಿಯಂಟ್ ಕಾರಿಗೆ ಡೈನಮೋಗೆ ಬದಲಾಗಿ ಆಲ್ಟರ್ನೇಟರನ್ನು ಅಳವಡಿಸಿತು; ಮದರಾಸಿನ ಪಾಡಿಯಲ್ಲಿ ವಾಹನಗಳ ವಿದ್ಯುತ್ ಉಪಕರಣಗಳನ್ನು ತಯಾರಿಸುವ ಲೂಕಾಸ್ ಟಿವಿಎಸ್ ಹುಟ್ಟಿದ್ದು 1961ರಲ್ಲಿ. ಆಲ್ಟರ್ನೇಟರು ಬಂದ ಮೇಲೆ ದೀಪಕ್ಕೆ ಮತ್ತೊಂದು ಕಾರ್ಯವೂ ಒದಗಿತು: ಒಳಗಿನ ರೋಟರಿಗೆ ಮೊದಲ ಕಾಂತಶಕ್ತಿಯನ್ನು ಕೊಡುವ ವಿದ್ಯುತ್ತು ಬಹುಮಟ್ಟಿಗೆ ಈ ದೀಪವನ್ನು ಹಾಯ್ದೇ ಹೋಗಬೇಕಾಯಿತು. ಆದಕಾರಣ ಬಲ್ಬು ಸುಟ್ಟುಹೋದರೆ ಚಾರ್ಜೇ ಆರಂಭವಾಗದಿರಬಹುದು, ದೀಪವು ಉರಿಯದಿರುವುದನ್ನು ಕಂಡ ಚಾಲಕನೋ ಎಲ್ಲವೂ ಕ್ಷೇಮವೆಂದೇ ಭಾವಿಸಿಯಾನು. ಅನುಭವಿಯಾದ ಮಿಸ್ತ್ರಿಯು ಎಂಜಿನ್ ಚಾಲೂ ಮಾಡುವ ಮುನ್ನ ಕೀಲಿಯನ್ನು ಅರ್ಧ ತಿರುಗಿಸಿ ದೀಪ ಹೊತ್ತಿತೇ ಎಂದು ನೋಡುವುದು ಇದಕ್ಕಾಗಿಯೇ. ಬಳಿಕ ಸ್ಕ್ರೂಡ್ರೈವರಿನ ತುದಿಯನ್ನು ಆಲ್ಟರ್ನೇಟರಿನ ಹಿಂಬದಿಯ ಬೇರಿಂಗಿನ ಬಳಿಗೆ ಒಯ್ಯುತ್ತಾನೆ. ಕೈಗೆ ಕಾಂತದ ಸೆಳೆತ ತಗುಲಿದರೆ ರೋಟರಿಗೆ ವಿದ್ಯುತ್ತು ತಲಪುತ್ತಿದೆ, ತಗುಲದಿದ್ದರೆ ಸವೆದ ಬ್ರಷ್ಷನ್ನೋ, ತುಂಡಾದ ವೈರನ್ನೋ, ಕೆಟ್ಟ ರೆಗ್ಯುಲೇಟರನ್ನೋ ಅರಸಬೇಕು. ಈ ಸೆಳೆತವನ್ನು ಗುರುತಿಸುವುದನ್ನು ಶಿಷ್ಯನು ಗುರುವಿನ ಪಕ್ಕದಲ್ಲಿ ನಿಂತೇ ಕಲಿಯುತ್ತಾನೆ.

2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ಹೊಗೆ ನಿಯಮಗಳ ಕಾಲದ ಗಾಡಿಗಳಲ್ಲಿ ಎಂಜಿನ್ನಿನ ಅವಗುಣಗಳನ್ನು ಕಂಪ್ಯೂಟರೇ ಗುರುತಿಸಿ ಹಳದಿ ದೀಪವನ್ನು ಹೊತ್ತಿಸುತ್ತದೆ, ಸ್ಕ್ಯಾನರು ಅದರ ಸಂಕೇತಾಂಕವನ್ನು ಓದುತ್ತದೆ. ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸಂಕೇತಾಂಕವು ದೋಷ ಯಾವ ಸರ್ಕ್ಯೂಟಿನಲ್ಲಿದೆಯೆಂದು ಹೇಳೀತೇ ವಿನಾ ಯಾವ ನಟ್ಟಿನ ಕೆಳಗಿದೆಯೆಂದು ಹೇಳಲಾರದು. ರಸಗೊಬ್ಬರದ ಚೀಲಗಳನ್ನು ಹೊತ್ತು ತಿರುಗುವ ಗಾಡಿಯ ಅಡಿಭಾಗದಲ್ಲಿ ಲವಣ ಕುಳಿತು ಎಂಜಿನ್ನಿಗೂ ಚಾಸಿಗೂ ನಡುವಣ ಅರ್ಥ್ ಪಟ್ಟಿ ತುಕ್ಕು ಹಿಡಿದಾಗ, ಪರಸ್ಪರ ಸಂಬಂಧವಿಲ್ಲದ ಮೂರು ನಾಲ್ಕು ದೀಪಗಳು ಒಟ್ಟಿಗೆ ಬೆಳಗಿ ಚಾಲಕನನ್ನು ದಿಗ್ಭ್ರಾಂತಗೊಳಿಸುವುದುಂಟು. ಆಗ ಬಲ್ಲವನು ಯಾವ ಬಿಡಿಭಾಗವನ್ನೂ ಬದಲಿಸಲು ಹೇಳುವುದಿಲ್ಲ. ವೋಲ್ಟ್‌ಮೀಟರಿನ ಒಂದು ತಂತಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಎಂಜಿನ್ನಿನ ಮೈಗೂ ತಾಗಿಸಿ ಸೆಲ್ಫ್ ಹೊಡೆಯಿಸುತ್ತಾನೆ. ಮುಳ್ಳು ಅರ್ಧ ವೋಲ್ಟನ್ನು ದಾಟಿದರೆ ಪಟ್ಟಿಯನ್ನು ಬಿಚ್ಚಿ, ಲೋಹ ಹೊಳೆಯುವವರೆಗೆ ಉಪ್ಪುಕಾಗದದಿಂದ ಉಜ್ಜಿ, ಮತ್ತೆ ಬಿಗಿಯುತ್ತಾನೆ.