ಗಂಧದ ಕೊರಡು ತೈಲವಾದ ಬಗೆ

ಮೈಸೂರೆಂದೊಡನೆ ಶ್ರೀಗಂಧದ ನೆನಪಾಗುವುದು ಸಹಜ. ಆದರೆ ನಮ್ಮ ಕಾಡಿನ ಗಂಧವನ್ನು ತೈಲವಾಗಿ ಪರಿವರ್ತಿಸುವ ಕಾರ್ಯ ಬಹುಕಾಲ ಯೂರೋಪಿನಲ್ಲಿ, ವಿಶೇಷವಾಗಿ ಜರ್ಮನಿಯಲ್ಲಿ, ನಡೆಯುತ್ತಿತ್ತು. ಸಂಸ್ಥಾನವು ಕೊರಡುಗಳನ್ನು ಹರಾಜಿನಲ್ಲಿ ಮಾರುತ್ತಿತ್ತು. ಬೆಲೆ ಹೆಚ್ಚಿಸುವ ವಿದ್ಯೆ ಮಾತ್ರ ಪರರ ಕೈಯಲ್ಲಿತ್ತು.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಗಿ ಆ ವ್ಯಾಪಾರಕ್ಕೆ ತಡೆಬಿದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಈ ಸಂಕಟವನ್ನೇ ಅವಕಾಶವಾಗಿಸಿಕೊಂಡರು. ಆಲ್‌ಫ್ರೆಡ್ ಚಾಟರ್‌ಟನ್ನರ ಮುಂದಾಳುತನದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಹಾಗೂ ವಾಟ್ಸನ್ ಎಂಬ ಪ್ರಾಧ್ಯಾಪಕರು ತೈಲ ತೆಗೆಯುವ ವಿಧಾನವನ್ನು ಸಿದ್ಧಪಡಿಸಿದರು. 1916ರಲ್ಲಿ ಬೆಂಗಳೂರಿನಲ್ಲಿಯೂ 1917ರಲ್ಲಿ ಮೈಸೂರಿನಲ್ಲಿಯೂ ಕಾರ್ಖಾನೆಗಳು ಆರಂಭವಾದವು. 1918ರ ವೇಳೆಗೆ ಅದೇ ತೈಲ ಎಸ್. ಜಿ. ಶಾಸ್ತ್ರಿಯವರ ಪರಿಶ್ರಮದಿಂದ ಮೈಸೂರು ಸ್ಯಾಂಡಲ್ ಸಾಬೂನಾಗಿ ಮನೆಮನೆಯನ್ನು ಸೇರತೊಡಗಿತು.

ವಿಧಾನವೇನೋ ಸರಳ. ಮರದ ಹೊರಗಿನ ಬಿಳಿಭಾಗವನ್ನು ಕೆತ್ತಿ ತೆಗೆದು, ಒಳಗಿನ ಚೇಗನ್ನು ಪುಡಿಮಾಡುತ್ತಾರೆ. ಪುಡಿಯ ಮೂಲಕ ಹಬೆ ಹಾಯಿಸಿದಾಗ ತೈಲವೂ ಆವಿಯಾಗಿ ಹೊರಡುತ್ತದೆ. ಆವಿ ತಣಿದೊಡನೆ ತೈಲವು ನೀರಿನಿಂದ ಬೇರ್ಪಡುತ್ತದೆ. ನೂರು ಕಿಲೋ ಚೇಗಿನಿಂದ ದೊರೆಯುವುದು ಸುಮಾರು 4ರಿಂದ 6 ಕಿಲೋ ತೈಲ ಮಾತ್ರ. ಉಳಿದ ಪುಡಿಯೂ ವ್ಯರ್ಥವಾಗದೆ ಊದುಬತ್ತಿಯ ಕೆಲಸಕ್ಕೆ ಒದಗುತ್ತದೆ.

ಹೀಗೆ ನಾಡು ರೂಪಾಂತರದ ವಿದ್ಯೆಯನ್ನು ಗಳಿಸಿತು. ಆದರೆ ಕಾರ್ಖಾನೆಯು ಕೆಲವು ದಿನಗಳಲ್ಲಿ ತೈಲವಾಗಿಸುವ ಚೇಗು ಬಲಿಯಲು ದಶಕಗಳೇ ಬೇಕು. ಟಿಪ್ಪು ಸುಲ್ತಾನನು 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದಂದಿನಿಂದ ಅದರ ಒಡೆತನ ಸರ್ಕಾರದ್ದೇ ಆಗಿತ್ತು. ತನ್ನ ಹೊಲದಲ್ಲಿ ತಾನೇ ಹುಟ್ಟಿದ ಮರವೂ ರೈತನದಲ್ಲ. ಅದು ಕಳುವಾದರೆ ತನಿಖೆಯ ಭಯ ಮಾತ್ರ ಅವನದು. ಇದರಿಂದ ಎಷ್ಟೋ ಮಂದಿ ಸಸಿಯನ್ನು ಕಂಡೊಡನೆ ಕಿತ್ತೆಸೆದರು. ಕಳ್ಳಸಾಗಣೆಯೂ ಸ್ಪೈಕ್ ರೋಗವೂ ಸೇರಿಕೊಂಡು ಕಾಡು ಬರಿದಾಗತೊಡಗಿತು. 1998ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಈ ಮರವನ್ನು ಅಪಾಯಕ್ಕೀಡಾಗಬಲ್ಲ ಪ್ರಭೇದಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ ಅರಣ್ಯ ಕಾಯ್ದೆಗೆ 2001ರಲ್ಲಿ ತಂದ ತಿದ್ದುಪಡಿಯ ಬಳಿಕವೇ, ಸ್ವಂತ ಜಮೀನಿನ ಗಂಧದ ಮರದ ಮೇಲೆ ಬೆಳೆದವನಿಗೆ ಹಕ್ಕು ದೊರೆಯಿತು.

ಮರವನ್ನು ಕಾಯುವುದಕ್ಕೆಂದು ಬಂದ ಕಟ್ಟಳೆಯೇ ಅದರ ಹುಟ್ಟಿಗೆ ಅಡ್ಡಿಯಾದುದು ಚಿಂತನೆಗೆ ಯೋಗ್ಯವಾದ ವಿಷಯ. ಬೆಳೆಸುವವನಿಗೆ ಪಾಲಿಲ್ಲದ ಸಂಪತ್ತು ಬಹುಕಾಲ ಉಳಿಯದು. ಶ್ರೀಗಂಧದ ಸ್ವಭಾವವೂ ಇದನ್ನೇ ಹೇಳುವಂತಿದೆ: ಅದು ಒಂಟಿಯಾಗಿ ಚೆನ್ನಾಗಿ ಬೆಳೆಯಲಾರದು, ತನ್ನ ಬೇರುಗಳನ್ನು ನೆರೆಯ ಗಿಡಗಳ ಬೇರಿಗೆ ಕೂಡಿಸಿ ಆಹಾರ ಪಡೆಯುತ್ತದೆ. ಜಮೀನುಳ್ಳ ಕುಟುಂಬಗಳು ತೊಗರಿಯಂಥ ಆಸರೆಯ ಗಿಡದೊಡನೆ ಕೆಲವು ಸಸಿಗಳನ್ನಾದರೂ ನೆಟ್ಟು, ಕಡಿಯುವ ಮುನ್ನ ಅರಣ್ಯ ಇಲಾಖೆಯ ಅನುಮತಿ ಬೇಕೆಂಬುದನ್ನೂ ತಿಳಿದಿರಲಿ. ಅವುಗಳ ಪರಿಮಳ ನಮ್ಮ ಮಕ್ಕಳ ಕಾಲಕ್ಕೆ ಒದಗೀತು.